1973ರ ಫೆಂಡರ್ ಚಾಂಪ್ ಗಿಟಾರ್ ಆಂಪ್ಲಿಫೈಯರ್: ಒಂದು ದುರಸ್ತಿಯ ದಾಖಲೆ

ಫೆಂಡರ್ ಚಾಂಪ್ ಎಂಬ ಗಿಟಾರ್ ಆಂಪ್ಲಿಫೈಯರ್‌ನಲ್ಲಿ ಇರುವುದು ಮೂರೇ ವಾಲ್ವ್, ಎಂದರೆ ಗಾಜಿನ ನಿರ್ವಾತ ನಳಿಗೆಗಳು. ಗಿಟಾರಿನಿಂದ ಬರುವ ಕ್ಷೀಣ ಸಂಕೇತವನ್ನು ತನ್ನ ಎರಡು ಅರ್ಧಗಳಲ್ಲಿ ಎರಡು ಸಲ ಹಿಗ್ಗಿಸುವುದು 12ಎಎಕ್ಸ್7, ಸ್ಪೀಕರನ್ನು ನಡೆಸುವುದು 6ವಿ6ಜಿಟಿ, ಏಸಿಯನ್ನು ಡಿಸಿ ಮಾಡುವುದು 5ವೈ3ಜಿಟಿ. ಹೊರಬರುವ ಶಕ್ತಿ ಸುಮಾರು ಆರು ವಾಟ್. ಎಂಟು ಅಂಗುಲದ ಒಂದು ಸ್ಪೀಕರ್. ವಾಲ್ಯೂಮ್, ಟ್ರೆಬಲ್, ಬಾಸ್ ಎಂಬ ಮೂರು ಗುಂಡಿಗಳು. ಇಷ್ಟು ಸರಳವಾಗಿರುವುದರಿಂದಲೇ ಹವ್ಯಾಸಿಯೊಬ್ಬ ಧೈರ್ಯ ಮಾಡಿ ಬಿಚ್ಚಬಹುದಾದ ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳ ಪೈಕಿ ಇದಕ್ಕೆ ಮೊದಲ ಸ್ಥಾನ. ಅಮೆರಿಕದಿಂದ ಮರಳಿದ ಬಂಧುವೊಬ್ಬರು ತಮ್ಮ ಸಾಮಾನಿನೊಡನೆ ತಂದು, ಮೂಲೆಯಲ್ಲಿಟ್ಟು ಮರೆತಿದ್ದ ಚಾಂಪ್ ಒಂದನ್ನು ಬೆಂಗಳೂರಿನಲ್ಲಿ ನುಡಿಯುವ ಸ್ಥಿತಿಗೆ ತಂದ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆದಿಟ್ಟಿದ್ದೇನೆ.

1. ಬಂದಾಗಿನ ಸ್ಥಿತಿ

ಬೆಳ್ಳಿ ಬಣ್ಣದ ಮುಖಫಲಕವಿತ್ತು. ಎಂದರೆ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ 1965ರಲ್ಲಿ ಫೆಂಡರನ್ನು ಕೊಂಡ ಬಳಿಕ, 1968ರಿಂದ ಈಚೆಗೆ ತಯಾರಾದದ್ದು. ಇಸವಿಯನ್ನು ಖಚಿತಪಡಿಸಿಕೊಳ್ಳಲು ಬಿಡಿಭಾಗಗಳ ಮೇಲಿನ ಸಂಕೇತ ಸಂಖ್ಯೆಗಳೇ ಸಾಕು. ವಾಲ್ಯೂಮ್ ಪಾಟ್‌ನ (ಗುಂಡಿಗೆ ಜೋಡಿಸಿದ ತಿರುಗುವ ರೆಸಿಸ್ಟರ್) ಬೆನ್ನಿನ ಮೇಲೆ 1377335 ಎಂದು ಒತ್ತಲಾಗಿತ್ತು. 137 ಎಂಬುದು ತಯಾರಕರಾದ ಸಿಟಿಎಸ್‌ನ ಸಂಕೇತ, 73 ಇಸವಿ, 35 ಆ ವರ್ಷದ ವಾರ. ಟ್ರಾನ್ಸ್‌ಫಾರ್ಮರ್ ಮೇಲೆ ಶೂಮಾಕರ್ ಕಂಪನಿಯ 606ರಿಂದ ಆರಂಭವಾಗುವ ಸಂಖ್ಯೆಯೂ ಸ್ಪೀಕರ್ ಮೇಲೆ ಆಕ್ಸ್‌ಫರ್ಡ್ ಕಂಪನಿಯ 465ರಿಂದ ಆರಂಭವಾಗುವ ಸಂಖ್ಯೆಯೂ ಇದ್ದವು. ಎರಡರಲ್ಲೂ ಇಸವಿಯ ಜಾಗದಲ್ಲಿ 3 ಎಂಬ ಒಂದೇ ಅಂಕಿ ಇತ್ತು. ಹೀಗಾಗಿ ಮೂಲ ಟ್ರಾನ್ಸ್‌ಫಾರ್ಮರ್, ಮೂಲ ಸ್ಪೀಕರ್ ಎರಡೂ ಉಳಿದಿವೆ, ಪೆಟ್ಟಿಗೆ 1973ರ ಕೊನೆಯ ತಿಂಗಳುಗಳಲ್ಲಿ ಅಥವಾ ಅದರಾಚೆಗೆ ಜೋಡಣೆಯಾದದ್ದು ಎಂದು ತೀರ್ಮಾನಿಸಿದೆ. ಒಳಗೆ ಅಂಟಿಸಿದ್ದ ಕಾಗದದಲ್ಲಿ ಎಎ764 ಎಂಬ ಸರ್ಕ್ಯೂಟ್ ಹೆಸರು ಓದಲು ಬರುತ್ತಿತ್ತು. ಈ ಸರ್ಕ್ಯೂಟಿನ ನಕ್ಷೆ ಸುಲಭವಾಗಿ ಸಿಗುತ್ತದೆ. ಅದನ್ನು ಮುದ್ರಿಸಿಕೊಂಡು, ಪ್ರತಿ ಅಳತೆಯನ್ನೂ ಅದರ ಮೇಲೆಯೇ ಪೆನ್ಸಿಲ್‌ನಿಂದ ಗುರುತು ಮಾಡುತ್ತ ಹೋದೆ.

ಹಿಂದೆ ಯಾರೋ ಕೈಯಾಡಿಸಿದ್ದರು. ಮೂಲ ವೈರ್ ತೆಗೆದು ಎರಡೇ ಎಳೆಯ ತೆಳು ವೈರ್ ಹಾಕಿದ್ದರು, ಅರ್ತಿಂಗ್ ಇರಲಿಲ್ಲ. ಒಂದು ಆಂಪಿಯರ್‌ನ ಫ್ಯೂಸ್ ಇರಬೇಕಾದಲ್ಲಿ ಐದು ಆಂಪಿಯರ್‌ನದು ಕುಳಿತಿತ್ತು. ಡಿಸಿಯ ಏರಿಳಿತ ತಗ್ಗಿಸುವ ಮುಖ್ಯ ಫಿಲ್ಟರ್ ಕೆಪ್ಯಾಸಿಟರ್‌ನ ಅಲ್ಯೂಮಿನಿಯಂ ಡಬ್ಬದ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಕಿಟ್ಟ ಕಟ್ಟಿತ್ತು. ಸ್ಪೀಕರ್ ಕಾಗದದಲ್ಲಿ ಅಂಚಿನ ಬಳಿ ಎರಡು ಸೆಂಟಿಮೀಟರ್ ಸೀಳು. ಇಷ್ಟನ್ನು ನೋಡಿದ ಮೇಲೆ ಪ್ಲಗ್ಗನ್ನು ಗೋಡೆಗೆ ಚುಚ್ಚಿ ನೋಡುವ ಆಸೆಯನ್ನು ಬದಿಗಿಡಬೇಕಾಯಿತು. ಹಳೆಯ ಆಂಪ್ಲಿಫೈಯರ್ ಸಿಕ್ಕವರು ಮೊದಲು ಮಾಡುವ ಕೆಲಸವೇ ಅದು. ಮಾಡಬಾರದ ಕೆಲಸವೂ ಅದೇ.

2. ಕೈ ಹಾಕುವ ಮುನ್ನ

ವಿದ್ಯುತ್ ತೆಗೆದ ಮೇಲೂ ಫಿಲ್ಟರ್ ಕೆಪ್ಯಾಸಿಟರ್‌ಗಳಲ್ಲಿ ಮುನ್ನೂರು ವೋಲ್ಟ್‌ಗೂ ಮೇಲ್ಪಟ್ಟ ಡಿಸಿ ಬಹಳ ಹೊತ್ತು ನಿಂತಿರಬಲ್ಲದು. ಆ ಚಾರ್ಜನ್ನು ತಾನಾಗಿ ಇಳಿಸುವ ರೆಸಿಸ್ಟರ್ ಈ ಪೆಟ್ಟಿಗೆಯಲ್ಲಿ ಇರಲಿಲ್ಲ. ಹತ್ತು ಕಿಲೋಓಮ್, ಐದು ವಾಟ್‌ನ ಒಂದು ರೆಸಿಸ್ಟರಿನ ಎರಡೂ ತುದಿಗೆ ಮೊಸಳೆ ಕ್ಲಿಪ್ ಬೆಸೆದು, ಮೇಲೆ ಇನ್ಸುಲೇಷನ್ ತೋಳು ಹಾಕಿ, ಒಂದು ತುದಿಯನ್ನು ಚಾಸಿಗೂ (ಭಾಗಗಳನ್ನು ಕೂರಿಸಿರುವ ಲೋಹದ ತಟ್ಟೆ) ಇನ್ನೊಂದನ್ನು ಕೆಪ್ಯಾಸಿಟರ್‌ನ ಧನ ತುದಿಗೂ ಸಿಕ್ಕಿಸುತ್ತಿದ್ದೆ. ಮಲ್ಟಿಮೀಟರ್ ಐದು ವೋಲ್ಟ್‌ಗಿಂತ ಕೆಳಗೆ ತೋರಿಸುವವರೆಗೆ ಬೆಸುಗೆ ಕಡ್ಡಿಯನ್ನು ಮುಟ್ಟುತ್ತಿರಲಿಲ್ಲ. ವಿದ್ಯುತ್ ಇರುವಾಗ ಅಳತೆ ತೆಗೆದದ್ದೆಲ್ಲ ಒಂದೇ ಕೈಯಿಂದ: ಕಪ್ಪು ವೈರನ್ನು ಕ್ಲಿಪ್‌ನಿಂದ ಚಾಸಿಗೆ ಸಿಕ್ಕಿಸಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು. ಮಲ್ಟಿಮೀಟರ್ ಸಾವಿರ ವೋಲ್ಟ್‌ನವರೆಗೆ ಡಿಸಿ ತಡೆಯುವಂಥದ್ದಾಗಿರಬೇಕು. ಅಗ್ಗದ ಮೀಟರುಗಳ ತಂತಿಗಳೇ ಅಪಾಯಕಾರಿ ಎಂಬ ಕಾರಣಕ್ಕೆ ನಾನು ತಂತಿಗಳನ್ನಷ್ಟೇ ಬೇರೆಯಾಗಿ ಕೊಂಡೆ.

3. 117 ವೋಲ್ಟ್, 60 ಹರ್ಟ್ಜ್; ನಮ್ಮಲ್ಲಿ 230, 50

ಅಮೆರಿಕದ ಆಂಪ್ಲಿಫೈಯರನ್ನು ಇಲ್ಲಿ ನಡೆಸುವವರು ಸಾಮಾನ್ಯವಾಗಿ ವೋಲ್ಟೇಜ್ ಇಳಿಸುವ ಒಂದು ಸ್ಟೆಪ್‌ಡೌನ್ ಕೊಂಡು ಮುಗಿಸುತ್ತಾರೆ. ಅದರಲ್ಲಿ ಎರಡು ತೊಡಕುಗಳಿವೆ, ಎರಡನ್ನೂ ನಾನು ಲೆಕ್ಕ ಹಾಕಿಯೇ ಮುಂದುವರಿದೆ.

ಒಂದನೆಯದು, ಅಂಗಡಿಯಲ್ಲಿ ಸಿಗುವ ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಹೆಚ್ಚಿನವು ಆಟೋಟ್ರಾನ್ಸ್‌ಫಾರ್ಮರ್‌ಗಳು. ಅವುಗಳಲ್ಲಿ ಒಂದೇ ಸುರುಳಿ ಇರುತ್ತದೆ, ಹೊರಹರಿವಿನ ಒಂದು ತುದಿ ಗೋಡೆಯ ವೈರಿಗೆ ನೇರವಾಗಿ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಚುಚ್ಚಿದರೆ ನ್ಯೂಟ್ರಲ್ ಎಂದುಕೊಂಡ ತುದಿಯೇ 230 ವೋಲ್ಟ್‌ನಲ್ಲಿ ನಿಂತಿರುತ್ತದೆ. ಇದಕ್ಕೆ ಜೊತೆಯಾಗಿ, ನನ್ನ ಪೆಟ್ಟಿಗೆಯಲ್ಲಿ ಫ್ಯೂಸಿನ ಬಳಿ ವಿದ್ಯುತ್ ವೈರಿನಿಂದ ಚಾಸಿಗೆ 0.047 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ ಒಂದನ್ನು ಬೆಸೆದಿದ್ದರು. ಅರ್ತಿಂಗ್ ಇಲ್ಲದ ಕಾಲದಲ್ಲಿ ಗುಂಯ್ ಶಬ್ದ ತಗ್ಗಿಸಲು ಹಾಕುತ್ತಿದ್ದ ಭಾಗವಿದು. ಅದು ಒಳಗೆ ಶಾರ್ಟ್ ಆದರೆ ಚಾಸಿ, ಗಿಟಾರಿನ ತಂತಿ, ತಂತಿ ಹಿಡಿದ ಕೈ, ಎಲ್ಲಕ್ಕೂ ಗೋಡೆಯ ವಿದ್ಯುತ್ ಹರಿಯುತ್ತದೆ. ಅದನ್ನು ಕತ್ತರಿಸಿ ತೆಗೆದೆ. ಬದಲಿಗೆ ಏನನ್ನೂ ಹಾಕಲಿಲ್ಲ.

ಎರಡನೆಯದು ಆವರ್ತನದ ಪ್ರಶ್ನೆ. ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದಲ್ಲಿ ಹುಟ್ಟುವ ಕಾಂತೀಯ ಒತ್ತಡ ವೋಲ್ಟೇಜನ್ನು ಆವರ್ತನದಿಂದ ಭಾಗಿಸಿದಷ್ಟು ಇರುತ್ತದೆ. ನಮ್ಮ ಮನೆಯ ಗೋಡೆಯಲ್ಲಿ ಸಂಜೆಯ ಹೊತ್ತು ಅಳೆದರೆ 238 ವೋಲ್ಟ್ ಇರುತ್ತದೆ. ಸರಿ ಅರ್ಧ ಮಾಡುವ ಸ್ಟೆಪ್‌ಡೌನ್ 119 ಕೊಡುತ್ತದೆ. 60ರ ಬದಲು 50 ಹರ್ಟ್ಜ್ ಆದ ಕಾರಣ ಕಬ್ಬಿಣದ ಮೇಲಿನ ಒತ್ತಡ ವಿನ್ಯಾಸಕ್ಕಿಂತ ಶೇ 22ರಷ್ಟು ಹೆಚ್ಚು. ಐವತ್ತು ವರ್ಷದ ಟ್ರಾನ್ಸ್‌ಫಾರ್ಮರ್ ಮೇಲೆ ಇದನ್ನು ಹೇರುವುದು ಬೇಡವೆನಿಸಿತು. ಹಾಗೆಂದು 97 ವೋಲ್ಟ್‌ಗೆ ಇಳಿಸಿ ಒತ್ತಡವನ್ನು ಸರಿದೂಗಿಸಿದರೆ ವಾಲ್ವ್‌ಗಳ ಹೀಟರ್‌ಗೆ (ಒಳಗಿನ ಕಾಯುವ ತಂತಿ) 6.3ರ ಬದಲು 5.2 ವೋಲ್ಟ್ ಮಾತ್ರ ಸಿಗುತ್ತದೆ, ಅದು ಶೇ 10ರ ಮಿತಿಗಿಂತ ಕೆಳಗೆ. ನಡುವಿನ ದಾರಿ 106ರಿಂದ 110 ವೋಲ್ಟ್.

ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರೊಬ್ಬರಿಂದ 150 ವಿಎ ಸಾಮರ್ಥ್ಯದ, ಪ್ರೈಮರಿ ಮತ್ತು ಸೆಕೆಂಡರಿ (ಒಳಬರುವ, ಹೊರಹೋಗುವ) ಸುರುಳಿಗಳು ಬೇರೆಬೇರೆಯಾಗಿರುವ, 105, 110, 115 ವೋಲ್ಟ್‌ಗಳ ಟ್ಯಾಪ್ (ಹೊರಹರಿವು ಆರಿಸುವ ತುದಿ) ಇರುವ ಒಂದನ್ನು ಮಾಡಿಸಿದೆ. 2,400 ರೂಪಾಯಿ ಆಯಿತು, ಇಡೀ ಕೆಲಸದ ಅತಿ ದೊಡ್ಡ ಖರ್ಚು ಇದೇ. 105ರ ಟ್ಯಾಪ್‌ನಲ್ಲಿ ನಮ್ಮ ಮನೆಯಲ್ಲಿ 108.6 ವೋಲ್ಟ್ ಬರುತ್ತದೆ. ಸೆಕೆಂಡರಿಯ ಒಂದು ತುದಿಯನ್ನು ಅರ್ತಿಂಗ್‌ಗೆ ಕಟ್ಟಿ ಅದನ್ನೇ ನ್ಯೂಟ್ರಲ್ ಮಾಡಿಕೊಂಡೆ. ಹೀಗಿದ್ದರೆ ಇನ್ನೊಂದು ತುದಿ ಚಾಸಿಗೆ ತಗುಲಿದಾಗ ಫ್ಯೂಸ್ ಸುಟ್ಟುಹೋಗುತ್ತದೆ. ಆಂಪ್ಲಿಫೈಯರ್‌ಗೆ ಮೂರೆಳೆಯ ವೈರ್ ಹಾಕಿ, ಹಸಿರು ಎಳೆಯನ್ನು ಚಾಸಿಗೆ ಅದರದೇ ಆದ ಬೋಲ್ಟ್ ಮತ್ತು ನಕ್ಷತ್ರ ವಾಷರ್‌ನಿಂದ ಬಿಗಿದೆ. ಉಳಿದ ಎಳೆಗಳಿಗಿಂತ ಹಸಿರು ಎಳೆಯನ್ನು ನಾಲ್ಕು ಸೆಂಟಿಮೀಟರ್ ಉದ್ದ ಬಿಟ್ಟೆ, ಯಾರಾದರೂ ವೈರ್ ಎಳೆದರೆ ಕೊನೆಗೆ ಕಿತ್ತುಬರುವುದು ಅದೇ ಆಗಿರಲಿ ಎಂದು. ಫ್ಯೂಸ್ ಒಂದು ಆಂಪಿಯರ್, ನಿಧಾನವಾಗಿ ಸುಡುವ ಬಗೆಯದು.

4. ಬಲ್ಬಿನ ಮೂಲಕ ಮೊದಲ ವಿದ್ಯುತ್

ವಾಲ್ವ್‌ಗಳನ್ನು ಕಿತ್ತಿಟ್ಟು, ಗೋಡೆಗೂ ಸ್ಟೆಪ್‌ಡೌನ್‌ಗೂ ನಡುವೆ 60 ವಾಟ್‌ನ ಹಳೆಯ ತಂತಿ ಬಲ್ಬ್ ಸರಣಿಯಲ್ಲಿ ಸೇರಿಸಿ ಸ್ವಿಚ್ ಒತ್ತಿದೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗಿ, ಕರೆಂಟನ್ನು ಕಾಲು ಆಂಪಿಯರಿನ ಆಸುಪಾಸಿನಲ್ಲೇ ತಡೆದು ನಿಲ್ಲಿಸುತ್ತದೆ. ಇಲ್ಲಿ ಒಮ್ಮೆ ಮಿಂಚಿ, ಬಳಿಕ ತಂತಿ ಕೆಂಪಾಗಿ ಕಾಣುವಷ್ಟಕ್ಕೆ ಇಳಿಯಿತು. ವಿದ್ಯುತ್ ಟ್ರಾನ್ಸ್‌ಫಾರ್ಮರ್ ಬದುಕಿದೆ ಎಂದಾಯಿತು. ಈ ಹಂತದಲ್ಲಿ ಬಯಲಾಗುವ ಸಾವು ಅದೊಂದೇ, ಮತ್ತು ಅದಕ್ಕೆ ಬದಲಿ ಹುಡುಕುವುದು ಉಳಿದೆಲ್ಲ ದುರಸ್ತಿಗಿಂತ ದುಬಾರಿ. ಆದ್ದರಿಂದ ಇತರ ಭಾಗಗಳನ್ನು ಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡುವುದು ಒಳ್ಳೆಯದು.

5. ಫಿಲ್ಟರ್ ಕೆಪ್ಯಾಸಿಟರ್‌ಗಳು

ಕೆಡದ ಭಾಗವನ್ನು ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಸಾರಾಸಗಟಾಗಿ ಬದಲಿಸುವ ಪದ್ಧತಿಗೆ ನನ್ನ ಒಪ್ಪಿಗೆಯಿಲ್ಲ. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಮಾತ್ರ ಇದಕ್ಕೆ ಹೊರತು. ಒಳಗಿನ ದ್ರಾವಣ ಒಣಗುವುದರಿಂದ ಅದರ ಆಯುಷ್ಯ ಬಳಸಿದರೂ ಮುಗಿಯುತ್ತದೆ, ಬಳಸದಿದ್ದರೂ ಮುಗಿಯುತ್ತದೆ. ಬುಡದಲ್ಲಿ ಕಿಟ್ಟ ಕಟ್ಟಿದ ಈ ಡಬ್ಬದ ವಿಷಯದಲ್ಲಂತೂ ಸಂದೇಹಕ್ಕೆ ಎಡೆಯಿರಲಿಲ್ಲ.

ಒಂದೇ ಡಬ್ಬದೊಳಗೆ 20 ಮೈಕ್ರೋಫ್ಯಾರಡ್‌ನ ಮೂರು ವಿಭಾಗಗಳು ಕೆಲಸ ಮಾಡುತ್ತಿದ್ದವು. ಅಂಥ ಡಬ್ಬವನ್ನು ಈಗಲೂ ಅಮೆರಿಕದಲ್ಲಿ ಮಾಡುತ್ತಾರೆ, ಆದರೆ ಸಾಗಣೆ, ಸುಂಕ ಸೇರಿದರೆ ಬೆಲೆ ಏರುತ್ತದೆ. ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 22 ಮೈಕ್ರೋಫ್ಯಾರಡ್, 450 ವೋಲ್ಟ್‌ನವು ತಲಾ ಮೂವತ್ತು ರೂಪಾಯಿಗೆ ಸಿಕ್ಕವು. ಅವನ್ನು ಕೊಂಡು ತಂದ ಮೇಲೆಯೂ ಬಳಸಲಿಲ್ಲ. 5ವೈ3 ಸ್ವಿಚ್ ಒತ್ತಿದ ಕೆಲವೇ ಕ್ಷಣಗಳಲ್ಲಿ ಕಾಯುತ್ತದೆ, 6ವಿ6 ಅಷ್ಟು ಬೇಗ ಕಾಯುವುದಿಲ್ಲ. ಆ ಮಧ್ಯದ ಹೊತ್ತಿನಲ್ಲಿ ಕರೆಂಟ್ ಎಳೆಯುವವರೇ ಇಲ್ಲದ ಕಾರಣ ವೋಲ್ಟೇಜ್ ನಾನೂರನ್ನು ದಾಟುತ್ತದೆ, ಗೋಡೆಯ ವೋಲ್ಟೇಜ್ ಏರಿದ ದಿನ 450ರ ಅಂಚಿಗೆ ಬಂದರೂ ಆಶ್ಚರ್ಯವಿಲ್ಲ. ಆದ್ದರಿಂದ 500 ವೋಲ್ಟ್‌ನ, ಎರಡೂ ತುದಿಯಲ್ಲಿ ಕಾಲಿರುವ ಮೂರನ್ನು ತರಿಸಿಕೊಂಡೆ; ಅಂಚೆ ಸೇರಿ 1,350 ರೂಪಾಯಿ. ಇನ್ನೂ ಹೆಚ್ಚು ಸಾಮರ್ಥ್ಯದ, 47 ಅಥವಾ 100 ಮೈಕ್ರೋಫ್ಯಾರಡ್ ಹಾಕಿದರೆ ಗುಂಯ್ ಶಬ್ದ ಇನ್ನೂ ಇಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮೊದಲ ಸ್ಥಾನದಲ್ಲಿ ಹಾಗೆ ಮಾಡಿದರೆ ಸ್ವಿಚ್ ಒತ್ತಿದಾಗ 5ವೈ3 ತನ್ನ ಮಿತಿ ಮೀರಿ ಕರೆಂಟ್ ಕೊಡಬೇಕಾಗುತ್ತದೆ. ಅದರ ತಯಾರಕರೇ 20 ಮೈಕ್ರೋಫ್ಯಾರಡ್‌ನ ಆಸುಪಾಸಿಗೆ ಗೆರೆ ಎಳೆದಿದ್ದಾರೆ.

ಹಳೆಯ ಡಬ್ಬವನ್ನು ಚಾಸಿಯ ಮೇಲೆ ನೋಟಕ್ಕಾಗಿ ಉಳಿಸಿ, ಅದರ ಎಲ್ಲ ಸಂಪರ್ಕಗಳನ್ನೂ ಕಡಿದೆ. ಹೊಸ ಮೂರನ್ನು ಚಾಸಿಯೊಳಗೆ ಬೇಕಲೈಟ್ ಪಟ್ಟಿಯ ಮೇಲೆ ಕೂರಿಸಿ, ಋಣ ತುದಿಗಳನ್ನು ಹಳೆಯ ನೆಲಸಂಪರ್ಕಕ್ಕೇ ಬೆಸೆದೆ. ಚಾಸಿಗೆ ನೇರವಾಗಿ ಬೆಸೆಯಲು 25 ವಾಟ್‌ನ ಕಡ್ಡಿ ಸಾಲಲಿಲ್ಲ. ಉಕ್ಕಿನ ಹಾಳೆ ಶಾಖವನ್ನೆಲ್ಲ ಎಳೆದುಕೊಂಡು, ಬೆಸುಗೆ ಮೇಲ್ಮೈಯಲ್ಲೇ ಮಣಿಯಾಗಿ ನಿಂತಿತು. ಕೈಯಿಂದ ಎಳೆದಾಗ ಕಿತ್ತುಬಂತು. 100 ವಾಟ್‌ನ ಅಗಲ ಮೂತಿಯ ಕಡ್ಡಿಯನ್ನು ಎರವಲು ತಂದು ಮಾಡಿದ ಮೇಲೆ ಕಬ್ಬಿಣದ ಮೇಲೆ ಬೆಸುಗೆ ಹರಿದು ಹೊಳಪಾಯಿತು. ಇದೇ ಹೊತ್ತಿನಲ್ಲಿ ವಾಲ್ವಿನೊಳಗೆ ಎಲೆಕ್ಟ್ರಾನ್ ಹೊಮ್ಮಿಸುವ ಭಾಗಗಳಾದ ಕ್ಯಾಥೋಡ್‌ಗಳ ಬಳಿಯ 25 ಮೈಕ್ರೋಫ್ಯಾರಡ್‌ನ ಪುಟ್ಟ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸಿದೆ. ತಲಾ ಹದಿನೈದು ರೂಪಾಯಿ.

6. ಗುಂಯ್ ಶಬ್ದ: 50ರದೋ, 100ರದೋ

ಇಷ್ಟಾದ ಮೇಲೆ ವಾಲ್ವ್‌ಗಳನ್ನು ಕೂರಿಸಿ, ಸ್ಪೀಕರ್ ಜೋಡಿಸಿ (ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರ್ ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು) ನುಡಿಸಿ ನೋಡಿದೆ. ಗಿಟಾರ್ ಕೇಳಿಸಿತು. ಅದರ ಜೊತೆ ಗುಂಯ್ ಎಂಬ ಶಬ್ದವೂ ಕೇಳಿಸಿತು, ಮತ್ತು ಅದು ಸಣ್ಣದಾಗಿರಲಿಲ್ಲ.

ಗುಂಯ್ ಶಬ್ದವನ್ನು ಬೆನ್ನಟ್ಟುವ ಮೊದಲು ಅದರ ಆವರ್ತನ ತಿಳಿದರೆ ಅರ್ಧ ಕೆಲಸ ಉಳಿಯುತ್ತದೆ. ಏಸಿಯ ಎರಡೂ ಅರ್ಧಗಳನ್ನು ಡಿಸಿ ಮಾಡುವ ಸರ್ಕ್ಯೂಟಿನಲ್ಲಿ ಉಳಿಯುವ ಏರಿಳಿತ ನಮ್ಮ ದೇಶದಲ್ಲಿ 100 ಹರ್ಟ್ಜ್‌ನದು, ಆದ್ದರಿಂದ 100 ಕೇಳಿಸಿದರೆ ತಪ್ಪು ಫಿಲ್ಟರಿನಲ್ಲಿದೆ. 50 ಕೇಳಿಸಿದರೆ ಹೀಟರ್ ವೈರುಗಳಿಂದಲೋ, ಸಡಿಲ ನೆಲಸಂಪರ್ಕದಿಂದಲೋ, ಹೊರಗಿನ ಕಾಂತಕ್ಷೇತ್ರದಿಂದಲೋ ಬಂದದ್ದು. ಮೊಬೈಲಿನಲ್ಲಿ ಆವರ್ತನ ತೋರಿಸುವ ಉಚಿತ ಆ್ಯಪ್‌ಗಳಿವೆ. ಆದರೆ ಗಿಟಾರ್ ಕೈಯಲ್ಲಿರುವವರಿಗೆ ಇನ್ನೊಂದು ಅಳತೆಗೋಲು ಸಿದ್ಧವಾಗಿಯೇ ಇದೆ. ಆರನೇ ತಂತಿಯ ಮೂರನೇ ಮನೆಯ ಜಿ ಸ್ವರ 98 ಹರ್ಟ್ಜ್. ಅದನ್ನು ಮೆಲ್ಲಗೆ ಮೀಟಿ ಹಿಡಿದರೆ, 100 ಹರ್ಟ್ಜ್ ಶಬ್ದದ ಜೊತೆ ಸೇರಿ ಸೆಕೆಂಡಿಗೆ ಎರಡು ಸಲ ಏರಿಳಿಯುವ ಅಲೆ ಸ್ಪಷ್ಟವಾಗಿ ಕೇಳಿಸುತ್ತದೆ. ಅಮೆರಿಕದಲ್ಲಿ ಈ ಸ್ವರ ನಡೆಯದು, ಅಲ್ಲಿ ಏರಿಳಿತ 120ರದು. ಅದೇ ಕೆಪ್ಯಾಸಿಟರ್‌ಗಳಿಟ್ಟುಕೊಂಡು ಇಲ್ಲಿ ನಡೆಸಿದರೆ ಏರಿಳಿತ ಸುಮಾರು ಶೇ 20ರಷ್ಟು ಹೆಚ್ಚೇ ಇರುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ನನ್ನ ಪೆಟ್ಟಿಗೆಯಲ್ಲಿ ಅಂಥ ಅಲೆ ಬಹಳ ಕ್ಷೀಣವಾಗಿತ್ತು. ಆ್ಯಪ್‌ನಲ್ಲೂ 50ರದ್ದೇ ಎತ್ತರದ ಗೆರೆ. ಎಂದರೆ ಹೊಸ ಕೆಪ್ಯಾಸಿಟರ್‌ಗಳು ತಮ್ಮ ಕೆಲಸ ಮಾಡುತ್ತಿದ್ದವು. ಹೀಟರ್ ವೈರುಗಳನ್ನು ಬಿಗಿಯಾಗಿ ಹೊಸೆದು ಚಾಸಿಯ ಮೂಲೆಗೆ ತಳ್ಳಿದೆ. ಕೇಳುವಷ್ಟು ವ್ಯತ್ಯಾಸ ಆಗಲಿಲ್ಲ. ಇನ್‌ಪುಟ್ ಜ್ಯಾಕ್‌ನ ನಟ್ ಸಡಿಲವಾಗಿತ್ತು. ಅದರ ನೆಲಸಂಪರ್ಕ ಆಗುವುದೇ ಚಾಸಿಯ ಲೋಹವನ್ನು ಒತ್ತಿ ಹಿಡಿಯುವುದರಿಂದ. ತುಕ್ಕು ಕೆರೆದು ಬಿಗಿದಾಗ ಶಬ್ದ ಕಣ್ಣಿಗೆ ಕಾಣುವಷ್ಟು, ಆ್ಯಪ್‌ನ ಗೆರೆಯಲ್ಲಿ, ಇಳಿಯಿತು. ಆದರೂ ಬಹುಪಾಲು ಉಳಿಯಿತು. ಅದು ಗಿಟಾರಿನ ವೈರ್ ಕಿತ್ತ ಕೂಡಲೇ ಮಾಯವಾಗುತ್ತಿತ್ತು, ಗಿಟಾರನ್ನು ತಿರುಗಿಸಿದರೆ ಹೆಚ್ಚುಕಡಿಮೆ ಆಗುತ್ತಿತ್ತು. ಕೊನೆಗೆ ಸಿಕ್ಕ ಕಾರಣ ಆಂಪ್ಲಿಫೈಯರಿನ ಒಳಗೆ ಇರಲೇ ಇಲ್ಲ: ನಾನೇ ಮಾಡಿಸಿದ ಸ್ಟೆಪ್‌ಡೌನ್ ನನ್ನ ಕುರ್ಚಿಯ ಕಾಲ ಬಳಿ ಇತ್ತು, ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಒಂಟಿ ಸುರುಳಿಯ ಪಿಕಪ್‌ಗಳು ಅದರ ಕಾಂತಕ್ಷೇತ್ರವನ್ನು ನೇರವಾಗಿ ಹೀರುತ್ತಿದ್ದವು. ಅದನ್ನು ಎರಡು ಮೀಟರ್ ಆಚೆಗೆ ಸರಿಸಿದ್ದಷ್ಟೇ ಮದ್ದು. ಇನ್ನು ಮುಂದೆ ಯಾವುದೇ ಗುಂಯ್ ಶಬ್ದ ಬಂದರೂ ಮೊದಲು ಗಿಟಾರಿನ ವೈರ್ ಕೀಳುವುದು, ಚಾಸಿ ಬಿಚ್ಚುವುದು ಆಮೇಲೆ.

ಉಳಿದ ಅಲ್ಪ ಶಬ್ದ ಹಾಗೇ ಇದೆ. ಒಂದೇ ಔಟ್‌ಪುಟ್ ವಾಲ್ವ್ ಇರುವ ಇಂಥ ಸರ್ಕ್ಯೂಟಿನಲ್ಲಿ, ಎರಡು ವಾಲ್ವ್‌ಗಳ ಜೋಡಿಯಲ್ಲಿ ಆಗುವಂತೆ ಏರಿಳಿತ ಪರಸ್ಪರ ಕಳೆದುಹೋಗುವ ಅವಕಾಶ ಇಲ್ಲ.

7. ಕೆಂಪಾದ 6ವಿ6

ಕೋಣೆಯ ದೀಪ ಆರಿಸಿ ನೋಡಿದಾಗ 6ವಿ6 ಒಳಗಿನ ಬೂದು ತಗಡಿನ ಹೊಲಿಗೆಯ ಬದಿಯಲ್ಲಿ ಹುಣಸೆ ಬೀಜದಷ್ಟು ಜಾಗ ಮಂಕಾಗಿ ಕೆಂಪಾಗಿತ್ತು. ಹೀಟರಿನ ಕಿತ್ತಳೆ ಬೆಳಕು ಬೇರೆ. ಅದು ತುದಿಯಿಂದ ಇಣುಕುತ್ತದೆ. ಪ್ಲೇಟ್ ಎನ್ನುವ ಆ ತಗಡಿನ ಹೊರಮೈಯೇ ಕೆಂಪಾಗುವುದು ವಾಲ್ವ್ ಮಿತಿಮೀರಿದ ಶಾಖ ಉಗುಳುತ್ತಿದೆ ಎಂಬುದರ ಗುರುತು.

ಅಳತೆಗಳು ಹೀಗಿದ್ದವು. ಕ್ಯಾಥೋಡ್, ಎಂದರೆ 8ನೇ ಪಿನ್, 22.9 ವೋಲ್ಟ್. ಅಲ್ಲಿನ ರೆಸಿಸ್ಟರ್ 470 ಓಮ್ ಆದ್ದರಿಂದ ಒಟ್ಟು ಕರೆಂಟ್ ಸುಮಾರು 49 ಮಿಲಿಆಂಪಿಯರ್. ಸ್ಕ್ರೀನ್‌ನ (ವಾಲ್ವಿನ ಇನ್ನೊಂದು ಭಾಗ) ಪಾಲು ಕಳೆದರೆ ಪ್ಲೇಟಿಗೆ 45. ಪ್ಲೇಟ್, 3ನೇ ಪಿನ್, 319 ವೋಲ್ಟ್. ಕ್ಯಾಥೋಡ್ ವೋಲ್ಟೇಜನ್ನು ಕಳೆದು ಗುಣಿಸಿದರೆ 13 ವಾಟ್‌ಗೂ ಮಿಕ್ಕಿ. 6ವಿ6ಜಿಟಿಗೆ ಹಳೆಯ ಕೈಪಿಡಿಗಳು ಕೊಡುವ ಮಿತಿ 12 ವಾಟ್.

ವಾಲ್ವೇ ಕೆಟ್ಟಿರಬೇಕು, ಹೊಸದನ್ನು ತರಿಸಿದರಾಯಿತು ಎಂಬ ಸಲಹೆ ಬಂತು. ಅದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಬೆಲೆ. ಕಾರಣ ಬೇರೆಡೆ ಇದ್ದರೆ ಹೊಸದೂ ಹಾಗೆಯೇ ಕೆಂಪಾಗುತ್ತದೆ. 5ನೇ ಪಿನ್, ಎಂದರೆ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್, ಸೊನ್ನೆ ವೋಲ್ಟ್‌ನಲ್ಲಿರಬೇಕು. ಇಲ್ಲಿ 3.6 ವೋಲ್ಟ್ ಧನ ಇತ್ತು. ಅಷ್ಟು ಸಾಕು, ಗ್ರಿಡ್ ಮೇಲೇರಿದಷ್ಟೂ ವಾಲ್ವ್ ಹೆಚ್ಚು ಕರೆಂಟ್ ಬಿಡುತ್ತದೆ. ಆ 3.6 ಎಲ್ಲಿಂದ ಬಂತು? ಗ್ರಿಡ್‌ನ ಹಿಂದೆ ಇರುವುದು 0.022 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್. ಹಿಂದಿನ ಹಂತದ ಸಂಕೇತವನ್ನು ದಾಟಿಸಿ, ಅಲ್ಲಿನ ಡಿಸಿಯನ್ನು ತಡೆಯುವುದು ಅದರ ಕೆಲಸ.

ಅದನ್ನು ಬಿಚ್ಚಿ ಮಲ್ಟಿಮೀಟರ್‌ನ ಓಮ್ ಅಳತೆಯಲ್ಲಿ ಪರೀಕ್ಷಿಸಿದರೆ ಯಾವ ಸೋರಿಕೆಯೂ ಕಾಣಲಿಲ್ಲ. ಕೆಪ್ಯಾಸಿಟರ್ ಮೀಟರ್ 0.023 ಎಂದಿತು, ನಿಷ್ಕಳಂಕ. ಈ ಎರಡು ಪರೀಕ್ಷೆಗಳನ್ನು ನಂಬಿ ಸಾಕೆಟ್ಟಿನ ಕೊಳೆ, ಬೋರ್ಡಿನ ತೇವ ಎಂದೆಲ್ಲ ಶಂಕಿಸಿ ಸ್ಪಿರಿಟ್‌ನಿಂದ ಒರೆಸಿದ್ದು ವ್ಯರ್ಥವಾಯಿತು. ಓಮ್ ಅಳತೆಯಲ್ಲಿ ಮೀಟರ್ ಕೊಡುವುದು ಕೆಲವೇ ವೋಲ್ಟ್. ಕೆಪ್ಯಾಸಿಟರ್ ಸೋರುವುದು ಇನ್ನೂರು ವೋಲ್ಟ್‌ಗೆ. ಆದ್ದರಿಂದ ಪರೀಕ್ಷೆಯನ್ನು ಅದು ಕೆಲಸ ಮಾಡುವ ಜಾಗದಲ್ಲೇ ಮಾಡಬೇಕು. ಹಿಂದಿನ ಹಂತದ ಕಡೆಯ ಕಾಲನ್ನು ಬೆಸೆದಿಟ್ಟು, ಗ್ರಿಡ್ ಕಡೆಯ ಕಾಲನ್ನು ಮಾತ್ರ ಎತ್ತಿ ಗಾಳಿಯಲ್ಲಿ ಬಿಟ್ಟು, ವಿದ್ಯುತ್ ಕೊಟ್ಟು, ಆ ಬಿಡಿ ಕಾಲಿಗೂ ಚಾಸಿಗೂ ನಡುವೆ ಡಿಸಿ ಅಳೆದೆ. ಒಳ್ಳೆಯ ಕೆಪ್ಯಾಸಿಟರ್ ಆದರೆ ಅಂಕಿ ಒಮ್ಮೆ ಜಿಗಿದು ಸೊನ್ನೆಯ ಕಡೆಗೆ ಇಳಿಯಬೇಕು. ಇದು 88 ವೋಲ್ಟ್‌ನಲ್ಲಿ ನಿಂತಿತು.

ಲೆಕ್ಕವೂ ಹೊಂದಿತು. ಹಿಂದಿನ ಹಂತದ ಪ್ಲೇಟಿನಲ್ಲಿ 184 ವೋಲ್ಟ್ ಇತ್ತು. ಗ್ರಿಡ್‌ನಿಂದ ನೆಲಕ್ಕಿರುವ 220 ಕಿಲೋಓಮ್ ರೆಸಿಸ್ಟರಿನಲ್ಲಿ 3.6 ವೋಲ್ಟ್ ಹುಟ್ಟಬೇಕಾದರೆ ಕೆಪ್ಯಾಸಿಟರ್ ಸುಮಾರು 11 ಮೆಗಾಓಮ್‌ನ ರೆಸಿಸ್ಟರಿನಂತೆ ಸೋರುತ್ತಿರಬೇಕು. ನನ್ನ ಮೀಟರಿನ ಒಳತಡೆ 10 ಮೆಗಾಓಮ್. 184 ವೋಲ್ಟ್ ಈ ಎರಡರ ನಡುವೆ ಹಂಚಿದರೆ ಮೀಟರಿನ ಪಾಲು ಸುಮಾರು 88. ಎರಡು ಬೇರೆ ದಾರಿಯ ಅಳತೆಗಳು ಒಂದೇ ಉತ್ತರಕ್ಕೆ ಬಂದಾಗ ಸಿಗುವ ನೆಮ್ಮದಿ ಹೊಸ ವಾಲ್ವ್ ಕೊಳ್ಳುವುದರಿಂದ ಸಿಗುವುದಿಲ್ಲ. 630 ವೋಲ್ಟ್‌ನ ಪಾಲಿಪ್ರೊಪಿಲೀನ್ ಕೆಪ್ಯಾಸಿಟರ್ ಹಾಕಿದೆ, ನಲವತ್ತು ರೂಪಾಯಿ. ಗ್ರಿಡ್ ಸೊನ್ನೆಗೆ ಬಂತು, ಕೆಂಪು ಹೋಯಿತು, ಹಳೆಯ 6ವಿ6 ಈಗಲೂ ಅದೇ ಸಾಕೆಟ್ಟಿನಲ್ಲಿದೆ. ಅದೇ ತಯಾರಿಕೆಯ ಉಳಿದ ಕಂದು ಕೆಪ್ಯಾಸಿಟರ್‌ಗಳನ್ನೂ ಹೀಗೆ ಒಂದೊಂದಾಗಿ ಪರೀಕ್ಷಿಸಿದೆ. ಅವು ಸೋರುತ್ತಿರಲಿಲ್ಲ, ಉಳಿಸಿಕೊಂಡೆ.

8. ಚಿಟಪಟ

ಹತ್ತು ನಿಮಿಷ ಕಾದ ಬಳಿಕ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಶಬ್ದ ಆರಂಭವಾಗುತ್ತಿತ್ತು. ವಾಲ್ಯೂಮ್ ಸೊನ್ನೆಗೆ ತಿರುಗಿಸಿದರೂ ನಿಲ್ಲಲಿಲ್ಲ. ಎಂದರೆ ಶಬ್ದ ಹುಟ್ಟುವ ಜಾಗ ವಾಲ್ಯೂಮ್ ಪಾಟ್‌ನ ಆಚೆಗಿದೆ. 12ಎಎಕ್ಸ್7 ಕಿತ್ತರೆ ಪೂರ್ತಿ ಮೌನ. ಹಾಗಾದರೆ ಆ ವಾಲ್ವಿನ ಎರಡನೇ ಅರ್ಧ, ಇಲ್ಲವೇ ಅದರ ಸುತ್ತಲಿನ ಭಾಗಗಳು.

ವಾಲ್ವ್ ಬದಲಿಸಿ ನೋಡುವುದು ಸುಲಭದ ಪರೀಕ್ಷೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲದಲ್ಲಿ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಅಲ್ಲಿನ 12ಎಎಕ್ಸ್7ಎ ಇಂದಿಗೂ ಹೊರದೇಶದ ಗಿಟಾರ್‌ವಾದಕರು ಹುಡುಕಿ ಕೊಳ್ಳುವ ಸರಕು. ಹಳೆಯ ದಾಸ್ತಾನಿನ ಒಂದು 800 ರೂಪಾಯಿಗೆ ಸಿಕ್ಕಿತು. ಕ್ಯಾಲಿಫೋರ್ನಿಯಾದ ಪೆಟ್ಟಿಗೆಯಲ್ಲಿ ಬೆಂಗಳೂರಿನ ವಾಲ್ವ್ ಚೆನ್ನಾಗಿಯೇ ನುಡಿಯಿತು, ಚಿಟಪಟ ಮಾತ್ರ ಹಾಗೇ ಮುಂದುವರಿಯಿತು.

ಬಿದಿರಿನ ಕಡ್ಡಿಯಿಂದ ಭಾಗಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿದಾಗ ಎರಡನೇ ಹಂತದ ಪ್ಲೇಟ್ ರೆಸಿಸ್ಟರ್ ಬಳಿ ಶಬ್ದ ಹೆಚ್ಚಿತು. ಒಂದು ಕಾಲು ಎತ್ತಿ ಅಳೆದರೆ 100 ಕಿಲೋಓಮ್ ಇರಬೇಕಾದಲ್ಲಿ 127. ಇಂಗಾಲದ ಪುಡಿಯನ್ನು ಒತ್ತಿ ಮಾಡಿದ ಈ ಬಗೆಯ ರೆಸಿಸ್ಟರ್‌ಗಳು ವರ್ಷಗಳು ಕಳೆದಂತೆ ತೇವ ಹೀರಿ ತಡೆ ಏರಿಸಿಕೊಳ್ಳುತ್ತವೆ, ಹೆಚ್ಚು ವೋಲ್ಟೇಜ್ ಇರುವಲ್ಲಿ ಗದ್ದಲವನ್ನೂ ಮಾಡುತ್ತವೆ. ಒಂದು ವಾಟ್‌ನ ಮೆಟಲ್ ಫಿಲ್ಮ್ ಹಾಕಿದಾಗ ಶಬ್ದ ನಿಂತಿತು. ಬೆಲೆ ಐದು ರೂಪಾಯಿ. ಮೊದಲ ಹಂತದ್ದು 106 ಇತ್ತು, ಸದ್ದಿರಲಿಲ್ಲ, ಅದನ್ನು ಮುಟ್ಟಲಿಲ್ಲ. ಕಂದು ಇಂಗಾಲದ ರೆಸಿಸ್ಟರ್‌ಗಳಿಂದಲೇ ಹಳೆಯ ನಾದ ಬರುತ್ತದೆ ಎಂದು ನಂಬುವವರು ಇದನ್ನು ಒಪ್ಪಲಾರರು; ನನ್ನ ಕಿವಿಗೆ ಹೋದದ್ದು ಚಿಟಪಟ ಒಂದೇ.

9. ಸ್ಪೀಕರ್, ಗುಂಡಿಗಳು

ಸ್ಪೀಕರ್ ಸುರುಳಿ 3.1 ಓಮ್ ತೋರಿಸಿತು, ಸರಿಯಾಗಿದೆ. ಸೀಳಿಗೆ ಟಿಶ್ಯೂ ಕಾಗದದ ಒಂದು ಪದರವನ್ನು ನೀರು ಬೆರೆಸಿದ ಫೆವಿಕಾಲ್‌ನಿಂದ ಹಿಂಬದಿಗೆ ಅಂಟಿಸಿ ಒಂದು ರಾತ್ರಿ ಒಣಗಿಸಿದೆ. ಗುಂಡಿಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಬಾರಿ ತಿರುಗಿಸಿದ ಮೇಲೆ ವಾಲ್ಯೂಮ್, ಟ್ರೆಬಲ್ ಸುಧಾರಿಸಿದವು.

10. ಈಗಿನ ಅಳತೆಗಳು ಮತ್ತು ಖರ್ಚು

108.6 ವೋಲ್ಟ್ ಒಳಹರಿವಿನಲ್ಲಿ, ಅರ್ಧ ಗಂಟೆ ಕಾದ ಮೇಲೆ: ಮೊದಲ ಫಿಲ್ಟರ್ 338 ವೋಲ್ಟ್, 6ವಿ6 ಪ್ಲೇಟ್ 328, ಸ್ಕ್ರೀನ್ 333, ಕ್ಯಾಥೋಡ್ 18.2, ಮೂರನೇ ಫಿಲ್ಟರ್ 310, 12ಎಎಕ್ಸ್7 ಎರಡನೇ ಪ್ಲೇಟ್ 197, ಕ್ಯಾಥೋಡ್ 1.7, ಹೀಟರ್ 5.9. 6ವಿ6 ಪ್ಲೇಟಿನ ಶಾಖ 11 ವಾಟ್‌ನ ಸುತ್ತಮುತ್ತ. ವಿನ್ಯಾಸದ ಅಳತೆಗಿಂತ ಎಲ್ಲವೂ ಸ್ವಲ್ಪ ಕಡಿಮೆ, ಅದು ಕಡಿಮೆ ಟ್ಯಾಪ್ ಆರಿಸಿದ್ದರ ಫಲ. ಕೈಪಿಡಿಯ ಪ್ರಕಾರ ಹಳೆಯ 6ವಿ6ಜಿಟಿಯ ಪ್ಲೇಟ್ 315 ವೋಲ್ಟ್ ಮೀರಬಾರದು, ಫೆಂಡರ್ ಅದನ್ನು ಮೊದಲಿನಿಂದಲೂ ಲೆಕ್ಕಿಸಿಲ್ಲ. ಅದರ ಮುಂದೆ ನಾನು ಕಳೆದುಕೊಂಡ ಅಲ್ಪ ಶಕ್ತಿ ನಷ್ಟವೆನಿಸಲಿಲ್ಲ.

ಸ್ಟೆಪ್‌ಡೌನ್ 2,400, ಫಿಲ್ಟರ್ ಕೆಪ್ಯಾಸಿಟರ್‌ಗಳು 1,350, 12ಎಎಕ್ಸ್7ಎ 800, ಮೂರೆಳೆಯ ವೈರ್, ಪ್ಲಗ್, ಫ್ಯೂಸ್ 260, ಕ್ಲೀನರ್ 350, ಬಳಸದೆ ಉಳಿದ 450 ವೋಲ್ಟ್‌ನ ಮೂರು 90, ಇತರ ಸಣ್ಣ ಭಾಗಗಳು 150. ಒಟ್ಟು 5,400 ರೂಪಾಯಿ. ಇದರಲ್ಲಿ ದೋಷವನ್ನು ನಿಜವಾಗಿ ನಿವಾರಿಸಿದ ಕೆಪ್ಯಾಸಿಟರ್ ಮತ್ತು ರೆಸಿಸ್ಟರ್‌ನ ಪಾಲು 45 ರೂಪಾಯಿ.

ಬಾಸ್ ಪಾಟ್ ಇನ್ನೂ ಕರಕರ ಎನ್ನುತ್ತದೆ. 250 ಕಿಲೋಓಮ್‌ನ, ಅದೇ ಗಾತ್ರದ ದಂಡವಿರುವ ಪಾಟ್ ಸಿಗುವವರೆಗೆ ಅದನ್ನು ಆರರಲ್ಲಿ ನಿಲ್ಲಿಸಿ ಬಿಟ್ಟಿದ್ದೇನೆ. ಒಂದು ಗಂಟೆ ನುಡಿಸಿದ ಮೇಲೆ ವಿದ್ಯುತ್ ಟ್ರಾನ್ಸ್‌ಫಾರ್ಮರ್‌ನ ಮೇಲ್ಮೈ 61 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಬೇಸಿಗೆಯಲ್ಲಿ ಮತ್ತೊಮ್ಮೆ ಅಳೆದು, 70 ದಾಟಿದರೆ ಹಿಂಬದಿಯ ಹಲಗೆಗೆ ಚಿಕ್ಕ ಫ್ಯಾನ್ ಕೂರಿಸಬೇಕು.